ಮೈದಾ ಹಿಟ್ಟಿನ ದೇವರುಗಳು

ಅಡುಗೆಮನೆಯ ಅಭ್ಯಾಸವಿಲ್ಲದ ಗಂಡಸು ಅಪರೂಪಕ್ಕೆ ಒಳಗೆ ಹೋದರೆ ಒಂದು ಲೋಟ ನೀರು ಕುಡಿದು ಸುಮ್ಮನೆ ಹೊರಗೆ ಬರಬೇಕು. ಅಲ್ಲೇ ನಿಂತು ಡಬ್ಬಿಗಳ ಮುಚ್ಚಳ ತೆಗೆಯತೊಡಗಿದನೋ, ಕೆಟ್ಟ ಎಂದೇ ಲೆಕ್ಕ. ಈ ಜ್ಞಾನ ನನಗೆ ಬಂದದ್ದು ತೊಂಬತ್ತರ ದಶಕದ ಕೊನೆಯಲ್ಲಿ, ನಂಜನಗೂಡಿನ ಬಾಡಿಗೆ ಮನೆಯಲ್ಲಿ, ಮಗಳು ವಿದ್ಯಾ ಯುಕೆಜಿ ಓದುತ್ತಿದ್ದಾಗ. ಅವಳ ಶಾಲೆಯಲ್ಲಿ ಕ್ಲೇ ಎಂಬ ಹೊಸ ಪಾಠ ಶುರುವಾಗಿತ್ತು. ನಮ್ಮ ಕಾಲದಲ್ಲಿ ಮಣ್ಣಿನಲ್ಲಿ ಆಡಿದರೆ ಬೆನ್ನಿಗೆ ಬೀಳುತ್ತಿತ್ತು. ಈಗ ಆಡದಿದ್ದರೆ ಮಾರ್ಕ್ಸು ಕಡಿಮೆ. ಅಂಗಡಿಯಿಂದ ತಂದ ಬಣ್ಣಬಣ್ಣದ ಕ್ಲೇ ಕಡ್ಡಿಗಳು ಒಂದರೊಳಗೊಂದು ಬೆರೆತು ಬೇಗನೆ ಬೂದಿ ಬಣ್ಣಕ್ಕೆ ತಿರುಗಿದವು. ಸೀಮೆಎಣ್ಣೆಯಂಥ ವಾಸನೆ ಬೇರೆ. ಅದೇ ಕೈಯಲ್ಲಿ ಮಗು ಇಡ್ಲಿ ಮುರಿಯುವುದನ್ನು ಕಂಡ ನನ್ನ ಹೆಂಡತಿ ಗಿರಿಜೆ ಎಲ್ಲವನ್ನೂ ಕಸಕ್ಕೆ ಎಸೆದಳು.

ನಾನಾಗ ಟಿ. ನರಸೀಪುರದ ಒಂದು ಕಚೇರಿಯಲ್ಲಿ ಗುಮಾಸ್ತ. ಊಟದ ಡಬ್ಬಿ ಬಿಚ್ಚುವಾಗ ಈ ಕಷ್ಟ ತೋಡಿಕೊಂಡೆ. ಟೈಪಿಸ್ಟ್ ಸುಶೀಲಮ್ಮ, "ಅಯ್ಯೋ, ಮನೇಲೇ ಮಾಡ್ಬೋದು ಸಾರ್. ಮೈದಾ, ಅದರಲ್ಲರ್ಧ ಉಪ್ಪು, ಒಂಚೂರು ಎಣ್ಣೆ, ಬಿಸಿನೀರು. ಕಲಸೋದು ಅಷ್ಟೇ" ಎಂದರು. ಕಚೇರಿಯಲ್ಲಿ ನನ್ನಿಂದ ಆಗುವ ಕೆಲಸವೆಂದು ಯಾರೂ ಯಾವುದನ್ನೂ ಇಷ್ಟು ನಂಬಿಕೆಯಿಂದ ಹೇಳಿರಲಿಲ್ಲ. ಸಂಜೆ ಬಸ್ಸಿಳಿದವನೇ ಅಂಗಿ ತೋಳು ಮಡಚಿ ಅಡುಗೆಮನೆಗೆ ನುಗ್ಗಿದೆ. ನೀರು ಹೆಚ್ಚಾಯಿತು, ಮೈದಾ ಸುರಿದೆ. ಮೈದಾ ಹೆಚ್ಚಾಯಿತು, ನೀರು ಸುರಿದೆ. ಡಬ್ಬಿ ಬರಿದಾಗುವ ಹೊತ್ತಿಗೆ ನನ್ನ ಎರಡು ಕೈಯೂ ಪಾತ್ರೆಯನ್ನು ಬಿಟ್ಟು ಬರಲು ಒಪ್ಪಲಿಲ್ಲ. "ರೀ, ನೀರು ಹುಯ್ಯೋಕೆ ಮುಂಚೆ ನನ್ನನ್ನ ಒಂದ್ಮಾತು ಕರೀಬಾರ್ದಿತ್ತಾ?" ಎನ್ನುತ್ತ ಗಿರಿಜೆ ಎಣ್ಣೆ ಹಚ್ಚಿ ನನ್ನನ್ನು ಬಿಡಿಸಿದಳು. ಕೊನೆಗೂ ಹಿಟ್ಟು ಹದಕ್ಕೆ ಬಂತು. ಬಣ್ಣಕ್ಕೆಂದು ಕೈಗೆ ಸಿಕ್ಕಿದ ಅರಿಶಿನ ಹಾಕಿದೆ. ಇಡೀ ಪ್ರಸಂಗದಲ್ಲಿ ನಾನು ಒಪ್ಪಿಕೊಳ್ಳುವ ತಪ್ಪು ಇದೊಂದೇ.

ಏಕೆಂದರೆ ಆಗ ಹದಿನಾರು ಎಂಬ ನಮ್ಮ ಹಳ್ಳಿಯಿಂದ ನಮ್ಮವ್ವ ಬಂದು ನಮ್ಮಲ್ಲೇ ಇದ್ದಳು. ನಮ್ಮ ಕಡೆ ಯಾವ ಪೂಜೆಗೂ ಮೊದಲು ಒಂದುಂಡೆ ಅರಿಶಿನಕ್ಕೋ ಸಗಣಿಗೋ ಗರಿಕೆ ಸಿಕ್ಕಿಸಿ ಬೆನಕನೆಂದು ಕೂರಿಸುತ್ತಾರೆ. ವಿದ್ಯಾ ಮರುದಿನ ಕ್ಯಾರೆಟ್ ಮಾಡಿ, ಸೊಪ್ಪಿಗೆಂದು ಅಂಗಳದ ಹುಲ್ಲು ಕಿತ್ತು ಸಿಕ್ಕಿಸಿದಳು. ಅವ್ವ ನೋಡಿದವಳೇ, "ಅಯ್ ನಮ್ಮಪ್ಪ, ಬೆನಕಪ್ಪನ್ನ ನೆಲದ್ಮೇಲೆ ಕೂರ್ಸವ್ಳಲ್ಲ ಮಗ!" ಎಂದು ಎತ್ತಿಕೊಂಡು ಹೋಗಿ ದೇವರ ಗೂಡಿನಲ್ಲಿಟ್ಟು ಕುಂಕುಮ ಹಚ್ಚಿದಳು. ಮಗು ಹಾವು ಹೊಸೆಯಿತು. ಅದು ನಾಗಪ್ಪನಾಗಿ, ಹಾಲೆರೆಸಿಕೊಂಡು ಅರ್ಧ ಕರಗಿಯೂ ಹೋಯಿತು. ಎತ್ತು ಮಾಡಿದರೆ ಬಸವಣ್ಣ. ಕ್ಲೇ ಎಂದರೆ ಮಾಡಿ ಕೆಡಿಸಿ ಮತ್ತೆ ಮಾಡುವ ಆಟ. ದೇವರನ್ನು ಕೆಡಿಸುವ ಹಾಗಿಲ್ಲವಲ್ಲ, ಗೂಡು ತುಂಬುತ್ತ ಬಂತು, ಹಿಟ್ಟು ಮುಗಿಯುತ್ತ ಬಂತು.

ಮನೆಯಲ್ಲಿ ದೇವರಿಲ್ಲ ಎನ್ನುವ ಖಾತೆ ನನ್ನದು. ಹಬ್ಬದ ದಿನ ಎಲ್ಲರೂ ಮಂಗಳಾರತಿಗೆ ನಿಂತರೆ ನಾನು ಪೇಪರ್ ಬಿಡಿಸಿಕೊಂಡು ಕೂರುತ್ತಿದ್ದೆ. "ಅವ್ವ, ಅದು ಮೈದಾ ಕಣವ್ವ. ನಾನೇ ಕಲಸಿದ್ದು" ಎಂದೆ.

"ಗುಡೀಲಿರಾದೂ ಕಲ್ಲೇ ಕಣ್ಲಾ, ನಂಜುಂಡಪ್ಪ ಆಗ್ನಿಲ್ವಾ?" ಎಂದಳು ಅವ್ವ. ನಂಜನಗೂಡಿನಲ್ಲಿ ಮನೆ ಮಾಡಿಕೊಂಡು ಇದಕ್ಕೆ ಉತ್ತರ ಕೊಡುವುದು ಸುಲಭವಲ್ಲ.

ಶನಿವಾರ ಶಾಲೆಯಲ್ಲಿ ಕ್ಲೇ ಸ್ಪರ್ಧೆ. ಹಿಟ್ಟು ಮನೆಯಿಂದಲೇ ತರಬೇಕು, ತರದವರು ಸುಮ್ಮನೆ ನೋಡುತ್ತ ಕೂರಬೇಕು. ವಿದ್ಯಾ ವಾರವೆಲ್ಲ ಆನೆಯ ಸೊಂಡಿಲಿನ ಬಗ್ಗೆ ಮಾತಾಡಿದ್ದಳು. ಬೆಳಿಗ್ಗೆ ಡಬ್ಬಿ ತೆಗೆದರೆ ಅಡಿಕೆಯಷ್ಟು ಹಿಟ್ಟು. ಅಂಗಡಿ ಇನ್ನೂ ತೆರೆದಿಲ್ಲ, ಆಟೋ ಬಾಗಿಲಲ್ಲಿ ಬಂದು ನಿಂತಿದೆ. ಮಗು ಅಳಲಿಲ್ಲ, ಯೂನಿಫಾರಂ ತೊಟ್ಟು, ಖಾಲಿ ಡಬ್ಬಿ ಹಿಡಿದು, ತುಟಿ ಕಚ್ಚಿಕೊಂಡು ನಿಂತಿತು.

ಅವ್ವ ಮೊಮ್ಮಗಳ ಮುಖ ನೋಡಿದಳು. ಸೀದಾ ಹೋಗಿ ದೀಪ ಹಚ್ಚಿ, ಗಣಪತಿಯನ್ನು ನೀರಿಗೆ ಬಿಡುವ ಮುಂಚೆ ಕದಲಿಸುತ್ತೇವಲ್ಲ, ಹಾಗೆ ಒಂದೊಂದನ್ನೇ ಕೂತಲ್ಲಿಂದ ತುಸು ಸರಿಸಿ, "ಓಗ್ಬುಟ್ಟು ಬನ್ನಿ ನಮ್ಮಪ್ಪ" ಎಂದಳು. ಆಮೇಲೆ ಎಲ್ಲವನ್ನೂ ತಟ್ಟೆಯಲ್ಲಿ ತಂದು ನನ್ನ ಮುಂದಿಟ್ಟಳು. "ಎದ್ದೋದ್ರು. ಈಗ ಬರೀ ಇಟ್ಟು. ಒಣಗೋಗದೆ, ಮಗೀನ ಕೈಲಾಗಲ್ಲ. ಬಿಸ್ನೀರು ಚಿಮುಕ್ಸಿ ಬಿರ್ರನೆ ನಾದ್ಕೊಡ್ಲಾ."

ಬಸವಣ್ಣನ ಡುಬ್ಬದ ಮೇಲೆ ಹೆಬ್ಬೆರಳಿಟ್ಟೆ. ಒತ್ತಲಾಗಲಿಲ್ಲ. ಕುಂಕುಮ ಹಚ್ಚಿಕೊಂಡು ನನ್ನನ್ನೇ ನೋಡುತ್ತಿದ್ದ. ಬೆನಕನನ್ನು ಹಿಡಿದೆ, ಬಿಟ್ಟೆ. ಬಚ್ಚಲಿಗೆ ಹೋಗಿ ಕೈ ತೊಳೆದು ಬಂದೆ. ಆಟೋದವನು ಹಾರ್ನ್ ಒತ್ತಿದ. ಯಾರೂ ಗಮನಿಸುತ್ತಿಲ್ಲವೆಂದುಕೊಂಡು ತಟ್ಟೆಗೆ ಥಟ್ಟನೆ ಕೈ ಮುಗಿದೆ. ಆಗಲೂ ಬೆರಳು ಏಳಲಿಲ್ಲ. "ಸರೀರಿ ಆಚೆ" ಎಂದ ಗಿರಿಜೆ ತಟ್ಟೆ ಎಳೆದುಕೊಂಡು ಚಪಾತಿ ಹಿಟ್ಟಿನಂತೆ ನಾದಿ ಡಬ್ಬಿಗೆ ತುಂಬಿದಳು. ವಿದ್ಯಾ ಅದನ್ನು ಎದೆಗೊತ್ತಿಕೊಂಡು ಆಟೋಗೆ ಓಡಿದಳು.

ಆಟೋ ತಿರುವು ದಾಟಿದ ಮೇಲೆ ಅವ್ವ ಜಗಲಿಯ ಮೇಲೆ ಕೂತು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಅಲ್ಲ ಕಣ್ಲಾ, ನಿಂಗೂ ಕೈ ಮುಗಿಯಾಕೆ ಬತ್ತದೆ ಅಂತ ಮೊದ್ಲೇ ಯೋಳಬಾರ್ದಾ? ಇಷ್ಟು ವರ್ಸ ನಿನ್ನ ಪಾಲಿಂದೂ ನಾನೇ ಮುಗ್ದು ಮುಗ್ದು ರಟ್ಟೆ ನೋಯಿಸ್ಕಂಡೆ."