ಹೆಂಡತಿಯ ದನಿಯಲ್ಲಿ ನಾನು ಗೆದ್ದ ಎರಡು ಟಿಕೆಟ್ಟುಗಳ ಕುರಿತು

ಮಾನ್ಯ ಸ್ಪರ್ಧಾ ವಿಭಾಗದ ಮುಖ್ಯಸ್ಥರೇ,

ಪ್ರತಿದಿನ ಬೆಳಿಗ್ಗೆ ಹತ್ತೂಕಾಲಿಗೆ ಸರಿಯಾಗಿ ಇಡೀ ಊರಿನ ಕೆಲಸ ಕೆಡಿಸುವ ತಮ್ಮ ಬಾನುಲಿ ಕೇಂದ್ರಕ್ಕೂ, ಆ ಘನಕಾರ್ಯದ ಹೊಣೆ ಹೊತ್ತಿರುವ ತಮಗೂ, 'ಲೈನ್‌ನಲ್ಲೇ ಇರಿ' ಎಂದು ಸಿಹಿಯಾಗಿ ಹೇಳಿ ನನ್ನನ್ನು ಆರು ವರ್ಷಗಳಿಂದ ಲೈನ್‌ನಲ್ಲೇ ಇರಿಸಿರುವ ತಮ್ಮ ನಿರೂಪಕಿಯವರಿಗೂ, ಔಷಧಿ ಅಂಗಡಿಯ ಪಕ್ಕದ ಓಣಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿರುವ ಈ ದರ್ಜಿಯ ಅನಂತ ನಮಸ್ಕಾರಗಳು. ಒಂದು ಕೈಯಲ್ಲಿ ಸದಾ ಫೋನ್ ಇರುವುದರಿಂದ ಕೈಗಳನ್ನು ಸರಿಯಾಗಿ ಜೋಡಿಸಲಾಗಿಲ್ಲ, ಕ್ಷಮಿಸಬೇಕು. ತಾವೆಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನಾನು ಕ್ಷೇಮವಾಗಿಲ್ಲ, ಅದನ್ನು ತಿಳಿಸಲೆಂದೇ ಈ ಪತ್ರ.

ತಮ್ಮ ದಾಖಲೆಗಳಲ್ಲಿ ನನ್ನ ಹೆಸರು ಮೂರು ಸಲ ಮಾತ್ರ ಇರುವುದರಿಂದ ತಾವು ನನ್ನನ್ನು ಒಬ್ಬ ಸಾಧಾರಣ ವಿಜೇತನೆಂದು ತಿಳಿದಿರುವ ಅಪಾಯವಿದೆ. ಒಮ್ಮೆ ಗೆದ್ದವರು ಮುಂದಿನ ತೊಂಬತ್ತು ದಿನ ಮತ್ತೆ ಗೆಲ್ಲುವಂತಿಲ್ಲ ಎಂಬ ತಮ್ಮ ನಿಯಮಕ್ಕೆ ತಲೆಬಾಗಿ, ಉಳಿದ ಸಲವೆಲ್ಲ ನಾನು ನನ್ನ ಬಾಮೈದನಾಗಿ, ನನ್ನ ಷಡ್ಡಕನಾಗಿ, ಕೆಳಗಿನ ಮನೆಯ ನಿವೃತ್ತ ಪೋಸ್ಟ್‌ಮ್ಯಾನ್ ಆಗಿ ಗೆದ್ದಿದ್ದೇನೆ. ಒಮ್ಮೆ ಅತ್ತೆಯವರಾಗಿಯೂ ಗೆದ್ದೆ. ಆ ಸಲ ದನಿಯ ಬಗ್ಗೆ ಅನುಮಾನ ಬಾರದಿರಲೆಂದು ಎರಡು ಮಾತಿಗೊಮ್ಮೆ ಕೆಮ್ಮಿದ್ದಕ್ಕೆ ತಮ್ಮ ನಿರೂಪಕಿಯವರು 'ಬಿಸಿನೀರು ಕುಡೀರಿ ಅಜ್ಜಿ' ಎಂದು ಕಾಳಜಿಯಿಂದ ಹೇಳಿದ್ದನ್ನು ನಾನು ಮರೆತಿಲ್ಲ, ಕುಡಿದೂ ಇದ್ದೇನೆ. ಸಂಜೆ ಹೊತ್ತು ಪರದೆಯ ಕೆಳಗೆ ಪ್ರಶ್ನೆ ಓಡಿಸುವ ಸ್ಥಳೀಯ ಟೀವಿ ವಾಹಿನಿಯವರಿಗೂ ನಾನು ಹೀಗೇ ಬಹುರೂಪಿಯಾಗಿ ಪರಿಚಿತನು. ಆದರೆ ಅವರಿಗೂ ಒಂದು ಪತ್ರ ಬರೆಯುವಷ್ಟು ಮುಖ ಈಗ ನನಗೆ ಉಳಿದಿಲ್ಲ.

ಹೀಗೆ ಗೆದ್ದು ನಾನು ನೋಡಿದ್ದೇನು ಎಂದು ತಾವು ಕೇಳುವುದಿಲ್ಲ, ಆದರೂ ಹೇಳುತ್ತೇನೆ. ನೆಲದ ಟೈಲ್ಸ್‌ಗಳ ಪ್ರದರ್ಶನಕ್ಕೆ ಹೋಗಿ ಬಾಡಿಗೆ ಮನೆಯವನಾದ ನಾನು ಸ್ನಾನದ ಮನೆಗೆ ಯಾವ ಬಣ್ಣ ಹೊಂದುತ್ತದೆಂದು ಅರ್ಧ ದಿನ ಚರ್ಚಿಸಿದ್ದೇನೆ. ಎಂಟು ವರ್ಷದೊಳಗಿನ ಮಕ್ಕಳ ಜಾದೂ ಪ್ರದರ್ಶನದಲ್ಲಿ, ಮೊಣಕಾಲು ಗಲ್ಲಕ್ಕೆ ತಾಗುವ ಕುರ್ಚಿಯಲ್ಲಿ ಕೂತು, ಮೊಲ ಹೊರಬಂದಾಗ ಉಳಿದ ಮಕ್ಕಳಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದೇನೆ. ನಾಯಿ ಕಂಡರೆ ಬೀದಿ ಬದಲಿಸುವ ನಾನು ನಾಯಿಗಳ ಸೌಂದರ್ಯ ಸ್ಪರ್ಧೆಯನ್ನು ಮೊದಲ ಸಾಲಿನಲ್ಲಿ ಕೂತು ನೋಡಿದ್ದೇನೆ, ಅಥವಾ ಕಣ್ಣುಮುಚ್ಚಿ ಕೇಳಿದ್ದೇನೆ. ಮೂತ್ರಪಿಂಡದ ಕಲ್ಲಿನ ಬಗ್ಗೆ ಮೂರು ಗಂಟೆಯ ಉಪನ್ಯಾಸ ಮುಗಿಸಿ ಬಂದ ವಾರವಿಡೀ ನನಗೆ ಸೊಂಟ ನೋಯುತ್ತಿತ್ತು. ಇವೆಲ್ಲಕ್ಕೂ ಎರಡನೆಯ ಟಿಕೆಟ್ಟಿನಲ್ಲಿ ನನ್ನ ಜೊತೆ ಬಂದವಳು ನನ್ನ ಹೆಂಡತಿ. ಬರುವುದಿಲ್ಲ ಎಂದು ಅವಳು ಒಂದು ದಿನವೂ ಅನ್ನಲಿಲ್ಲ. ನಾಯಿಗಳ ಸ್ಪರ್ಧೆಯಿಂದ ವಾಪಸು ಬರುವಾಗ ಬಸ್ಸಿನಲ್ಲಿ ಮಾತ್ರ ಒಮ್ಮೆ, 'ರೀ, ಒಂದ್ಸಲ ನಮಗೆ ಬೇಕಾಗಿರೋದಕ್ಕೆ ಹೋಗೋಣ' ಎಂದಿದ್ದಳು. ದುಡ್ಡು ಕೊಟ್ಟು ಹೋಗೋಕೆ ಯಾರಿಗೆ ತಾನೆ ಬರಲ್ಲ ಎಂದು ನಾನು ಬೀಗಿದ್ದೆ. ಅವಳು ಕಿಟಕಿಯ ಕಡೆ ತಿರುಗಿದಳು.

ಈ ಸಾಧನೆಯ ಹಿಂದಿನ ಶ್ರಮವನ್ನೂ ತಾವು ಅರಿಯಬೇಕು. ತಾವು ಒಂಬತ್ತನೆಯ ಕರೆಯನ್ನು ಮಾತ್ರ ಸ್ವೀಕರಿಸುತ್ತೀರಿ. ಪ್ರಶ್ನೆ ಮುಗಿದು ನಿರೂಪಕಿಯವರು ಉಸಿರೆಳೆದುಕೊಂಡ ಮೇಲೆ ಹೊಲಿಗೆ ಯಂತ್ರವನ್ನು ಹನ್ನೊಂದು ಸಲ ತುಳಿದು ನಂತರ ಗುಂಡಿ ಒತ್ತಿದರೆ ಒಂಬತ್ತನೆಯವನಾಗುವ ಸಂಭವ ಹೆಚ್ಚು ಎಂಬುದನ್ನು ನಾನು ಎರಡು ವರ್ಷದ ಅಭ್ಯಾಸದಿಂದ ಕಂಡುಕೊಂಡಿದ್ದೇನೆ. ಆ ಹನ್ನೊಂದು ತುಳಿತದಲ್ಲಿ ಬಟ್ಟೆ ಎತ್ತ ಹೋಯಿತೆಂದು ನೋಡುವ ವ್ಯವಧಾನ ನನಗಿರುವುದಿಲ್ಲ. ಬ್ಯಾಂಕ್ ವ್ಯವಸ್ಥಾಪಕರ ಅಂಗಿಯ ಎರಡೂ ಬದಿಗೆ ಕಾಜ ಹಾಕಿ, ಗುಂಡಿಗೆ ಜಾಗವೇ ಇಲ್ಲದಂತೆ ಮಾಡಿದ್ದು ಟೈಲ್ಸ್ ಪ್ರದರ್ಶನ ಗೆದ್ದ ದಿನ. ಒಬ್ಬ ಹೆಡ್‌ಮಾಸ್ಟರರ ಕೋಟಿಗೆ ಎರಡೂ ಕಡೆ ಎಡಗೈ ತೋಳನ್ನೇ ಕೂಡಿಸಿದ್ದು ಜಾದೂ ಗೆದ್ದ ದಿನ. ಓಣಿಯ ಜನ ನನ್ನನ್ನು 'ಫ್ರೀ ಪಾಸ್ ಮಾಸ್ಟರ್' ಎಂದು ಕರೆಯುತ್ತಾರೆ. ಬಹಳ ಕಾಲ ಅದನ್ನು ಬಿರುದೆಂದೇ ತಿಳಿದಿದ್ದೆ.

ಈಗ ದೂರಿಗೆ ಬರುತ್ತೇನೆ. ನನ್ನ ಹೆಂಡತಿ ಬಿಸ್ಕತ್ತು ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಹದಿನಾಲ್ಕು ವರ್ಷದಿಂದ ದುಡಿಯುತ್ತಿದ್ದಾಳೆ. ಕಳೆದ ವರ್ಷದಿಂದ ಅಲ್ಲಿ ಇಪ್ಪತ್ತಾರು ಹೆಂಗಸರ ಮೇಲ್ವಿಚಾರಕಿ. ಅವಳಿಗೆ ಒಬ್ಬ ಗಾಯಕಿಯೆಂದರೆ ಪ್ರಾಣ. ಆ ಗಾಯಕಿಯ ಕಾರ್ಯಕ್ರಮ ನಮ್ಮ ಊರಿಗೆ ಬರುತ್ತದೆಂದೂ, ಎರಡು ಟಿಕೆಟ್ ಉಚಿತವೆಂದೂ ತಾವು ಘೋಷಿಸಿದಾಗ, ಬಸ್ಸಿನ ಆ ಮಾತು ನೆನಪಾಗಿ ನನ್ನ ಎದೆ ಉಬ್ಬಿತು. ಗೆದ್ದು ಅವಳ ಕೈಗಿಟ್ಟು ಅವಳು ಕಣ್ಣರಳಿಸುವುದನ್ನು ನೋಡಬೇಕೆಂದು ನಿರ್ಧರಿಸಿದೆ. ಆದರೆ ನಾನು, ಬಾಮೈದ, ಷಡ್ಡಕ, ಅತ್ತೆ, ಪೋಸ್ಟ್‌ಮ್ಯಾನ್ ಎಲ್ಲರೂ ತೊಂಬತ್ತು ದಿನದ ಸೆರೆಯಲ್ಲಿದ್ದೆವು. ಉಳಿದದ್ದು ಅವಳ ಹೆಸರೊಂದೇ. ಅವಳು ಆ ಹೊತ್ತಿಗೆ ಕೆಲಸದಲ್ಲಿರುತ್ತಾಳೆ. ಆದ್ದರಿಂದ ನಾನು ಬಾಯಿಗೆ ಕರವಸ್ತ್ರ ಹಿಡಿದು, ದನಿಯನ್ನು ಎಷ್ಟು ಸಣ್ಣಗಾಗುತ್ತದೋ ಅಷ್ಟು ಸಣ್ಣಗೆ ಮಾಡಿಕೊಂಡು, ನನ್ನ ಹೆಂಡತಿಯಾದೆ.

ಎಂದಿನಂತೆ ಎಂಟು ಕಾಲಿನ ಸಮುದ್ರಜೀವಿ ಯಾವುದು ಎಂದು ಕೇಳಿ ಬಿಟ್ಟಿದ್ದರೆ ಈ ಪತ್ರ ಹುಟ್ಟುತ್ತಿರಲಿಲ್ಲ. ಅಂದು ತಾವು 'ಅಭಿಮಾನಿಯ ಜೊತೆ ಐದು ನಿಮಿಷ' ಎಂಬ ಹೊಸ ಪದ್ಧತಿ ತಂದಿದ್ದಿರಿ. ನಿರೂಪಕಿಯವರು 'ಮೇಡಂ, ಸ್ವಲ್ಪ ಶೀತ ಆಗಿದೆಯಾ?' ಎಂದು ಕೇಳಿದಲ್ಲಿಗೆ ನಾನು ಸುಮ್ಮನೆ ಫೋನ್ ಇಡಬೇಕಿತ್ತು. ಇಡಲಿಲ್ಲ. ಏನು ಕೆಲಸ ಮಾಡ್ತೀರಿ ಎಂದರು. ಕಾರ್ಖಾನೆ ಎಂದರೆ ಯಾರಾದರೂ ಗುರುತು ಹಿಡಿದಾರೆಂದು, 'ಏನೂ ಇಲ್ಲ, ಮನೇಲೇ ಇರ್ತೀನಿ' ಎಂದೆ. ಆ ಗಾಯಕಿಯ ಯಾವ ಹಾಡು ತುಂಬಾ ಇಷ್ಟ ಎಂದರು. ಎಲ್ಲಾ ಹಾಡೂ ಎಂದೆ. ಒಂದು ಸಾಲು ಗುನುಗಿ ಎಂದರು. ನನ್ನ ತಲೆಯಲ್ಲಿ ಇದ್ದದ್ದು ತಮ್ಮಲ್ಲೇ ಹತ್ತು ನಿಮಿಷಕ್ಕೊಮ್ಮೆ ಬರುವ ಟೈರಿನ ಜಾಹೀರಾತು ಮಾತ್ರ, ಅದನ್ನೇ ಭಾವಪೂರ್ಣವಾಗಿ ಗುನುಗಿದೆ. ಕೊನೆಗೆ, 'ನಿಮ್ಮ ಯಜಮಾನರ ಬಗ್ಗೆ ಎರಡು ಮಾತು ಹೇಳಿ' ಎಂದರು. ಮಾನ್ಯರೇ, ಅದೊಂದೇ ಪ್ರಶ್ನೆಗೆ ನನಗೆ ಉತ್ತರ ಗೊತ್ತಿತ್ತು. ಎರಡು ಮಾತು ಕೇಳಿದ್ದಕ್ಕೆ ಪೂರ್ತಿ ಎರಡು ನಿಮಿಷ ಮಾತಾಡಿದೆ. ಅವರಂಥ ಗಂಡ ಸಿಗೋಕೆ ಪುಣ್ಯ ಮಾಡಿರಬೇಕು ಎಂದೆ. ನನ್ನ ಮನಸ್ಸಲ್ಲಿರೋದನ್ನ ನಾನು ಬಾಯಿ ಬಿಡೋಕೆ ಮುಂಚೆ ತಿಳ್ಕೋತಾರೆ ಎಂದೂ ಅಂದೆ. ಹೇಳುತ್ತಾ ಹೇಳುತ್ತಾ ಬಾಯಿಗೆ ಹಿಡಿದಿದ್ದ ಕರವಸ್ತ್ರದಲ್ಲೇ ಕಣ್ಣೊರೆಸಿಕೊಂಡೆ. ನಿರೂಪಕಿಯವರು ಮನಸೋತು ಟಿಕೆಟ್ ಕೊಟ್ಟುಬಿಟ್ಟರು.

ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಬೆಳಗಿನ ಪಾಳಿ ಪೂರ್ತಿ ಧ್ವನಿವರ್ಧಕದಲ್ಲಿ ತಮ್ಮ ಕೇಂದ್ರವನ್ನೇ ಹಾಕಿರುತ್ತಾರೆ. ಅವಳಿಗೆ ಆ ಗಾಯಕಿ ಪರಿಚಯವಾದದ್ದೇ ಹಾಗೆ. ಇದನ್ನು ಅವಳು ಎಷ್ಟು ಸಲ ಹೇಳಿದ್ದಳೋ ಅಷ್ಟೂ ಸಲ ನಾನು ಪ್ರಾಯಶಃ ಲೈನ್‌ನಲ್ಲಿದ್ದೆ. ಹೀಗಾಗಿ ಅಂದು ನನ್ನ ಹೆಂಡತಿ, ತನ್ನ ಕೈಕೆಳಗಿನ ಇಪ್ಪತ್ತಾರು ಹೆಂಗಸರ ನಡುವೆ ನಿಂತು, ತಾನು ರೇಡಿಯೋದಲ್ಲಿ ಮಾತಾಡುವುದನ್ನು ತಾನೇ ಕೇಳಿದಳು. ತನ್ನ ಹೆಸರು ಕೇಳಿದಳು, ತಾನು ಏನೂ ಕೆಲಸ ಮಾಡುವುದಿಲ್ಲವೆಂದು ಕೇಳಿದಳು, ಟೈರಿನ ಹಾಡನ್ನೂ ಕೇಳಿದಳು. ಮೊದಲು ಎಲ್ಲರೂ ಹೊಟ್ಟೆ ಹಿಡಿದು ನಕ್ಕರಂತೆ. ಯಜಮಾನರ ಗುಣಗಾನ ಬಂದಾಗ, ಅವಳ ಮುಖ ನೋಡಿ, ಒಬ್ಬೊಬ್ಬರೇ ನಗು ನಿಲ್ಲಿಸಿದರಂತೆ.

ಸಂಜೆ ಅವಳು ಬಂದಳು. ನಾನು ಬಾಗಿಲಲ್ಲೇ ಹಲ್ಲು ಕಿರಿಯುತ್ತಾ ನಿಂತಿದ್ದೆ. ಚಪ್ಪಲಿ ಬಿಟ್ಟು, ಊಟದ ಡಬ್ಬಿಯನ್ನು ನನ್ನ ಕೈಗಿತ್ತು, 'ಮೇಡಂ, ಇದನ್ನ ತೊಳೆದಿಡಿ. ನೀವು ಮನೇಲೇ ಇರೋರಲ್ವಾ' ಎಂದಳು. ಜಗಳವಾಡಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವಳು ಹನ್ನೆರಡು ದಿನ, ಒಂದು ಸಲವೂ ದನಿ ಏರಿಸದೆ, ನನ್ನನ್ನು ಮೇಡಂ ಎಂದೇ ಕರೆದಳು. ಯಜಮಾನರಿಗೆ ಊಟ ಆಯ್ತಾ ಮೇಡಂ ಎಂದು ವಿಚಾರಿಸಿದಳು. ಯಜಮಾನರು ಮನಸ್ಸಲ್ಲಿರೋದನ್ನ ಮುಂಚೆಯೇ ತಿಳ್ಕೋತಾರಲ್ಲ, ಈಗ ನನ್ನ ಮನಸ್ಸಲ್ಲಿ ಏನಿದೆ ಅಂತ ಕೇಳಿ ಹೇಳಿ ಮೇಡಂ ಎಂದಳು. ಯಜಮಾನರು ತಲೆ ತಗ್ಗಿಸಿ ಪಾತ್ರೆ ಉಜ್ಜುತ್ತಿದ್ದರು.

ಗೆದ್ದವರೇ ಗುರುತಿನ ಚೀಟಿಯೊಂದಿಗೆ ಖುದ್ದಾಗಿ ಬರಬೇಕೆಂಬುದು ಅಂದೇ ತಾವು ತಂದ ಇನ್ನೊಂದು ಹೊಸ ನಿಯಮ. ಅವಳು ಅರ್ಧ ದಿನ ರಜೆ ಹಾಕಿ ತಮ್ಮ ಕಚೇರಿಗೆ ಬಂದಳು, ಸಹಿ ಹಾಕಿದಳು, ನನ್ನ ಮರ್ಯಾದೆಯನ್ನು ತಮ್ಮೆದುರು ಬಿಟ್ಟುಕೊಡಲಿಲ್ಲ. ಮನೆಗೆ ಬಂದು ಎರಡೂ ಟಿಕೆಟ್ಟನ್ನು ನನ್ನ ಯಂತ್ರದ ಮೇಲಿಟ್ಟು, 'ನಿಮ್ಮ ಯಜಮಾನರನ್ನ ಕರ್ಕೊಂಡು ಹೋಗಿ ಮೇಡಂ' ಎಂದಳು. ಟಿಕೆಟ್ ಕೌಂಟರ್ ತೆರೆದ ಮೊದಲ ದಿನವೇ ತಾನು ಸಾಲಿನಲ್ಲಿ ನಿಂತು, ತನ್ನ ಸಂಬಳದಲ್ಲಿ, ಎರಡು ಟಿಕೆಟ್ ಕೊಂಡಿದ್ದಾಗಿಯೂ, ಒಂದು ಸಲವಾದರೂ ನನ್ನನ್ನು ದುಡ್ಡು ಕೊಟ್ಟ ಕುರ್ಚಿಯಲ್ಲಿ ಕೂರಿಸಬೇಕೆಂದು ಗುಟ್ಟಾಗಿ ಇಟ್ಟಿದ್ದಾಗಿಯೂ ಆಗ ಹೇಳಿದಳು. ನನ್ನ ಪಾಲಿನದನ್ನು ಪಕ್ಕದ ಮೇಜಿನಲ್ಲಿ ಕೆಲಸ ಮಾಡುವಾಕೆಗೆ ಕೊಟ್ಟಿದ್ದಳು.

ಕಾರ್ಯಕ್ರಮಕ್ಕೆ ನಾನು ಒಬ್ಬನೇ ಬಂದೆ. ಉಚಿತ ವಿಜೇತರಿಗೆ ಮೀಸಲಾದ ಕುರ್ಚಿಗಳು ಒಂದು ದಪ್ಪ ಕಂಬದ ಹಿಂದೆ ಇದ್ದದ್ದರಿಂದ ಗಾಯಕಿಯ ಎಡ ಮೊಣಕೈಯನ್ನು ಮಾತ್ರ ಕಂಡೆ, ಅದಕ್ಕಾಗಿ ಕೃತಜ್ಞ. ಪಕ್ಕದ ಕುರ್ಚಿಯಲ್ಲಿ ನನ್ನ ಎರಡನೆಯ ಟಿಕೆಟ್ಟನ್ನೇ ಕೂರಿಸಿಕೊಂಡಿದ್ದೆ. ಆದರೆ ಆರು ಸಾಲು ಮುಂದೆ ನನ್ನ ಹೆಂಡತಿ ಚೆನ್ನಾಗಿ ಕಾಣುತ್ತಿದ್ದಳು. ಒಂದು ಹಾಡು ಶುರುವಾಗುತ್ತಿದ್ದಂತೆ ಅವಳು ಎದ್ದು ನಿಂತಳು. ಪಲ್ಲವಿಯಿಂದ ಕೊನೆಯ ಚರಣದವರೆಗೆ, ಒಂದು ಮಾತೂ ತಪ್ಪದೆ, ಬಾಯ್ತುಂಬ ಹಾಡಿದಳು. ಇಪ್ಪತ್ತಮೂರು ವರ್ಷದ ಸಂಸಾರದಲ್ಲಿ ಅವಳು ಹಾಡಿದ್ದನ್ನು ನಾನು ಕೇಳಿದ್ದು ಅಂದೇ ಮೊದಲು. ಇಡೀ ಓಣಿಯವರ ಎದೆ, ಸೊಂಟ, ತೋಳಿನ ಅಳತೆ ನನಗೆ ಬಾಯಿಪಾಠವಿದೆ. ಅವಳು ಹಾಡುತ್ತಿದ್ದ ಹಾಡು ಯಾವುದೆಂದು ಹಿಂದಿನ ಸಾಲಿನ ಅಪರಿಚಿತರನ್ನು ಕೇಳಬೇಕಾಯಿತು. ಅವರು ಸುಮ್ಮನಿರಿ ಎಂದು ಗದರಿದರು. ನನಗೆ ಅಳು ಬಂತು, ಅತ್ತುಬಿಟ್ಟೆ.

ಆದ್ದರಿಂದ ಮಾನ್ಯರಾದ ತಾವು ದಯವಿಟ್ಟು, ಅದೇ ಹತ್ತೂಕಾಲಿಗೆ, ಅದೇ ಧ್ವನಿವರ್ಧಕಕ್ಕೆ ಕೇಳುವಂತೆ, ಸದರಿ ಮೇಡಂ ಮನೆಯಲ್ಲೇ ಇರುವವರಲ್ಲವೆಂದೂ, ಇಪ್ಪತ್ತಾರು ಜನರ ಮೇಲ್ವಿಚಾರಕಿಯೆಂದೂ, ಅವರ ಯಜಮಾನರ ಕುರಿತು ಪ್ರಸಾರವಾದ ಎರಡು ನಿಮಿಷಗಳನ್ನು ಹಿಂತೆಗೆದುಕೊಳ್ಳಲಾಗಿದೆಯೆಂದೂ ಪ್ರಕಟಿಸಬೇಕು. ನನ್ನ ಮೇಲಿನ ತೊಂಬತ್ತು ದಿನದ ನಿಷೇಧವನ್ನು ತೊಂಬತ್ತು ವರ್ಷಕ್ಕೆ ವಿಸ್ತರಿಸಬೇಕು. ನಾನು ಯಾರ ದನಿಯಲ್ಲಿ ಕರೆ ಮಾಡಿದರೂ ಬಿಸಿನೀರಿನ ಸಲಹೆ ಕೊಡದೆ ಬೈದು ಫೋನ್ ಇಡಬೇಕು. ಸಾಧ್ಯವಾದರೆ, ಆ ಸಂಜೆಯನ್ನು ಮರುಪ್ರಸಾರ ಮಾಡಿ, ಅವಳ ಪಕ್ಕದ ಕುರ್ಚಿಯನ್ನು ಬಹುಮಾನವಾಗಿ ಇಡಬೇಕು. ಅದಕ್ಕೆ ಎಷ್ಟು ಕಠಿಣವಾದ ಪ್ರಶ್ನೆಯನ್ನಾದರೂ ಕೇಳಿ, ಈ ಸಲ ಓದಿಕೊಂಡು ಬರುತ್ತೇನೆ.

ಇಷ್ಟು ಕಾಲ ತಮ್ಮ ವಿಶ್ವಾಸಿಯಾಗಿದ್ದು, ಸದ್ಯ ಮನೆಯಲ್ಲಿ ವಿಶ್ವಾಸಕ್ಕಾಗಿ ಅರ್ಜಿ ಹಾಕಿಕೊಂಡಿರುವ,
ಓಣಿಯ ದರ್ಜಿ

ತಾ.ಕ.: ಅಂಚೆಗೆ ಹಾಕುವ ಮುನ್ನ ತಪ್ಪುಗಳಿದ್ದರೆ ತಿದ್ದಲೆಂದು ಈ ಪತ್ರವನ್ನು ಹೆಂಡತಿಗೆ ತೋರಿಸಿದೆ. ಎರಡು ಸಲ ಓದಿದಳು. 'ಬರೆದಿರೋದೆಲ್ಲಾ ಸರಿಯಾಗಿದೆ ರೀ, ವಿಳಾಸ ಒಂದು ತಪ್ಪಾಗಿದೆ' ಎಂದಳು. ಆದ್ದರಿಂದ ತಮಗೆ ಕಳಿಸಿರುವುದು ಜೆರಾಕ್ಸ್ ಪ್ರತಿ ಮಾತ್ರ. ಮೂಲ ಪ್ರತಿಯನ್ನು ಸರಿಯಾದ ವಿಳಾಸಕ್ಕೆ ಸಲ್ಲಿಸಿದ್ದೇನೆ. ಅಲ್ಲಿಂದ ಉತ್ತರ ಬರುವವರೆಗೆ ತಾವು ದಯವಿಟ್ಟು ಫೋನ್ ಮಾಡಬಾರದು, ನಾನು ಎತ್ತುವುದಿಲ್ಲ.