ಮಾಮಾನ ಎಂಟು ಸಿಲಿಂಡರು

ನಮ್ಮ ಮಾಮಾನ ತಲೆ ನೆಟ್ಟಗಿಲ್ಲ ಎಂದು ಅವರ ಮನೆಯಿರುವ ಬೀದರದ ಚಿದ್ರಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ನಾನಂತೂ ಯಾರೂ ಕೇಳದಿದ್ದರೂ ಹೇಳುತ್ತಿದ್ದೆ!

ನೀವೇ ಹೇಳಿ, ಬೇರೆಯವರ ಸೋದರಮಾವಂದಿರು ನೌಕರಿ ಮುಗಿದ ಮೇಲೆ ಏನು ಮಾಡುತ್ತಾರೆ? ಬೆಳಿಗ್ಗೆ ವಾಕಿಂಗ್ ಹೋಗುತ್ತಾರೆ, ಪೇಪರು ಓದಿ ಸರ್ಕಾರವನ್ನು ಬೈಯುತ್ತಾರೆ, ಮಧ್ಯಾಹ್ನ ಮಲಗುತ್ತಾರೆ. ನಮ್ಮವರು ಕಾರು ತಂದರು. ಕಾರು ಅಂದರೆ ಷೋರೂಮಿನಿಂದ ಹೂವಿನ ಹಾರ ಹಾಕಿಸಿಕೊಂಡು ಬರುವಂಥದ್ದಲ್ಲ. ಖಟಕ ಚಿಂಚೋಳಿಯ ರೈತರೊಬ್ಬರ ಕೊಟ್ಟಿಗೆಯಿಂದ ಟ್ರ್ಯಾಕ್ಟರ್ ಟ್ರಾಲಿಯ ಮೇಲೆ, ಹಗ್ಗ ಬಿಗಿಸಿಕೊಂಡು ಬಂದದ್ದು. ಯಾವ ಕಾಲದಲ್ಲೋ ಹೈದರಾಬಾದಿನ ಶ್ರೀಮಂತರೊಬ್ಬರು ತರಿಸಿದ್ದ ಅಮೆರಿಕದ ಕಾರು. ಎರಡೇ ಬಾಗಿಲು, ಮಾರುದ್ದದ ಮೂತಿ, ಒಳಗೆ ಎಂಟು ಸಿಲಿಂಡರು. ಅದು ಕೈಯಿಂದ ಕೈಗೆ ದಾಟಿ ಕೊನೆಗೆ ದನಕ್ಕೆ ಹಾಕುವ ಜೋಳದ ಕಣಿಕಿ ತುಂಬಿಡುವ ಗೂಡಾಗಿತ್ತು. ಬಾನೆಟ್ ಎತ್ತಿದರೆ ಎಂಜಿನ್ನಿನ ಮೇಲೆ ಒಂದು ಕೋಳಿ ಕಾವಿಗೆ ಕೂತಿತ್ತು. ಅದನ್ನು ಎಬ್ಬಿಸಲು ಮಾಮಾನಿಗೆ ಮನಸ್ಸಾಗಲಿಲ್ಲ. ಹಾಗಾಗಿ ಕೋಳಿಯೂ ಮೊಟ್ಟೆಗಳೂ ಬೀದರಕ್ಕೆ ಬಂದವು.

"ಮಸಲ್ ಕಾರ್ ಅಂತಾರ ಇದಕ್ಕ. ಪೈಲ್ವಾನ ಇದ್ದಂಗ ಇರ್ತದ," ಎಂದು ಮಾಮಾ ಮನೆಯವರಿಗೆ ಪರಿಚಯ ಮಾಡಿಸಿದರು.

ಅತ್ತೆ ಜೀವನವೆಲ್ಲ ದವಾಖಾನೆಯ ಆಪರೇಷನ್ ಕೋಣೆಯಲ್ಲಿ ನರ್ಸಾಗಿದ್ದವರು. ಸೊಂಟದ ಮೇಲೆ ಕೈಯಿಟ್ಟುಕೊಂಡು ಕಾರಿಗೆ ಒಂದು ಸುತ್ತು ಹಾಕಿದರು. "ಪೈಲ್ವಾನಂದು ಎಲುಬಷ್ಟೇ ಉಳದಾವಲ್ರಿ. ಇಲ್ಲಿತನ ತರೋದು ಬಿಟ್ಟು ಅಲ್ಲೇ ಮಣ್ಣು ಕೊಟ್ಟು ಬರಬೇಕಿತ್ತು," ಎಂದರು.

ಮಾಮಾ ಮಣ್ಣು ಕೊಡುವ ಪೈಕಿಯಲ್ಲ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ಸತ್ತೇ ಹೋದವು ಅಂದುಕೊಂಡ ಬಸ್ಸುಗಳನ್ನು ಎಬ್ಬಿಸಿ ಮತ್ತೆ ಹಾದಿಗೆ ಹಚ್ಚಿದ ಕೈ ಅದು. ಮನೆಯ ಪಕ್ಕದ ಕರಿಬೇವಿನ ಗಿಡ ಕಡಿದು, ಬಟ್ಟೆ ಒಗೆಯುವ ಕಲ್ಲು ಎತ್ತಿಸಿ, ತಗಡಿನ ಶೆಡ್ ಹಾಕಿಸಿದರು. ಅತ್ತೆ ಒಂದು ತಿಂಗಳು ಕರಿಬೇವಿಲ್ಲದ ಒಗ್ಗರಣೆ ಹಾಕಿ ಪ್ರತಿಭಟಿಸಿದರು. ಮಾಮಾನಿಗೆ ಅದು ಗೊತ್ತೇ ಆಗಲಿಲ್ಲ.

ಬಸ್ಸು ಬಿಟ್ಟರೆ ಬೇರೆ ವಾಹನ ಮುಟ್ಟದ ಮನುಷ್ಯ ಕಾರು ರಿಪೇರಿ ಮಾಡಿದರೆ ಏನಾಗುತ್ತದೆ? ಕಾರು ಮೆಲ್ಲಗೆ ಬಸ್ಸಾಗುತ್ತದೆ! ಅಮೆರಿಕದ ಸಾಮಾನು ಇಲ್ಲಿ ಎಲ್ಲಿ ಸಿಗಬೇಕು? ರೇಡಿಯೇಟರ್ ಟ್ರ್ಯಾಕ್ಟರಿನದು ಬಂತು. ಮುಂದಿನ ಉದ್ದ ಸೀಟು ಕಿತ್ತು ಅಲ್ಲಿ ಬಸ್ಸಿನ ಡ್ರೈವರ್ ಸೀಟು, ಪಕ್ಕದಲ್ಲಿ ಕಂಡಕ್ಟರ್ ಸೀಟು ಕೂತವು. ಹಾರ್ನಂತೂ ಗುಜರಿ ಸೇರಿದ್ದ ಹಳೆಯ ಬಸ್ಸೊಂದರದು. ಅದನ್ನು ಮೊದಲ ಸಲ ಒತ್ತಿ ನೋಡಿದ ದಿನ ಮೂಲೆಯ ಅಂಗಡಿಯ ಮುಂದೆ ಬಸ್ಸಿಗೆ ಕಾಯುತ್ತಿದ್ದ ನಾಲ್ಕು ಜನ ಹೆಂಗಸರು ಚೀಲ ಎತ್ತಿಕೊಂಡು ನಮ್ಮ ಶೆಡ್ಡಿನವರೆಗೆ ಓಡಿಬಂದಿದ್ದರು. ಅವರಿಗೆ ಅತ್ತೆ ಚಹ ಕೊಟ್ಟು ಕಳಿಸಬೇಕಾಯಿತು.

ಇಷ್ಟಾದರೂ ಸಹಿಸಬಹುದಿತ್ತು. ಡಬ್ಬಿಗಳ ವಿಷಯ ಬೇರೆಯೇ. ಕಾರಿನ ಒಂದೊಂದು ಬೋಲ್ಟನ್ನೂ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಬಿಸ್ಕೀಟಿನ ಖಾಲಿ ಡಬ್ಬಿಗಳಲ್ಲಿ ಹಾಕಿ ಸಾಲಾಗಿ ಇಟ್ಟಿದ್ದರು. ಲೋಕದ ಮೆಕ್ಯಾನಿಕ್ಕುಗಳು ಡಬ್ಬಿಯ ಮೇಲೆ ನಂಬರು ಬರೆಯುತ್ತಾರೆ. ಮಾಮಾ ನೆಂಟರ ಹೆಸರು ಬರೆದಿದ್ದರು! ಗುಣಕ್ಕೆ ತಕ್ಕ ಹೆಸರಿದ್ದರೆ ಮರೆಯುವುದಿಲ್ಲ ಎನ್ನುವುದು ಅವರ ಲೆಕ್ಕ. ಮನೆಯಲ್ಲಿ ತುಟಿ ಬಿಚ್ಚದೆ ಬರೀ ಬೀಡಿ ಹೊಗೆ ಬಿಡುವ ನಮ್ಮ ಅಪ್ಪ ಸೈಲೆನ್ಸರ್ ಡಬ್ಬಿ. ಎಂಜಿನ್ನಿಗೆ ಪೆಟ್ರೋಲು ಅಳೆದು ಬಿಡುವ ಕಾರ್ಬುರೇಟರಿನ ಡಬ್ಬಿಯ ಮೇಲೆ ನನ್ನ ಹೆಸರು. ಯಾಕೆಂದು ಕೇಳಿದ್ದಕ್ಕೆ, ನನಗೆ ಮಾತು ಒಂದು ಹನಿ ಹೆಚ್ಚಾದರೂ ಸಿಟ್ಟು, ಒಂದು ಹನಿ ಕಡಿಮೆಯಾದರೂ ಸಿಟ್ಟು ಎಂದರು. ಭಾಲ್ಕಿಯ ಶಾಲೆಯಲ್ಲಿ ಮಕ್ಕಳಿಗೆ ವಿಜ್ಞಾನ ಕಲಿಸುವ ನನಗೆ ಇದನ್ನು ಕೇಳಿ ಬಂದದ್ದೂ ಸಿಟ್ಟೇ.

ಬ್ರೇಕಿನ ಡಬ್ಬಿ ಅತ್ತೆಯ ಅಕ್ಕ, ಔರಾದದ ದೊಡ್ಡಮ್ಮನದು. ಕೂಡಿಬಂದ ಮೂರು ಸಂಬಂಧಗಳನ್ನು ಕೊನೆಯ ಗಳಿಗೆಯಲ್ಲಿ ನಿಲ್ಲಿಸಿದ ಕೀರ್ತಿ ಅವರಿಗಿತ್ತು. ಒಂದು ಭಾನುವಾರ ಆರಾಧನೆ ಮುಗಿಸಿಕೊಂಡು, ಕೈಯಲ್ಲಿ ಬೈಬಲ್ ಹಿಡಿದೇ ಅವರು ಶೆಡ್ಡಿಗೆ ಕಾಲಿಟ್ಟರು. ತುಕ್ಕು ಹಿಡಿದ ಡಬ್ಬಿಯ ಮೇಲೆ ತಮ್ಮ ಹೆಸರು ಓದಿದರು. ಅವತ್ತು ಊಟಕ್ಕೆ ಕೂಡಲಿಲ್ಲ. ಮಾಮಾ ಹೆದರಿ ಆ ಹೆಸರು ಅಳಿಸಿ ಬೇರೊಬ್ಬರ ಹೆಸರು ಬರೆದರು. ಆ ಬೇರೊಬ್ಬರಿಗೂ ಸುದ್ದಿ ಮುಟ್ಟಿತು. ಅವರನ್ನು ಸಮಾಧಾನ ಮಾಡಲು ಇನ್ನೊಂದು ಹೆಸರು. ಮೂರು ತಿಂಗಳಲ್ಲಿ ಇಡೀ ಬಳಗವೇ ಜಾಗ ಬದಲಾಯಿಸಿತು. ನಾನು ಕಾರ್ಬುರೇಟರಿನಿಂದ ಗೇರ್‌ಬಾಕ್ಸಿಗೆ ಬಡ್ತಿ ಪಡೆದೆ.

ಮಾಮಾ ತಪ್ಪಲು ಶುರುಮಾಡಿದ್ದು ಆಮೇಲೆಯೇ. ಬ್ರೇಕಿಗೆ ಹಾಕಬೇಕಾದ ಸ್ಪ್ರಿಂಗನ್ನು ಕ್ಲಚ್ಚಿಗೆ ಹಾಕಿದರು. ಜೋಡಿಸಿದ್ದನ್ನು ಮತ್ತೆ ಬಿಚ್ಚಿದರು. ನನ್ನನ್ನು ಒಮ್ಮೆ ತೀರಿಹೋದ ನನ್ನ ಅವ್ವನ ಹೆಸರಿನಿಂದ ಕರೆದರು, ಇನ್ನೊಮ್ಮೆ ದೊಡ್ಡಮ್ಮನ ಹೆಸರಿನಿಂದ. ನಾವು ಹೊಟ್ಟೆ ಹಿಡಿದು ನಕ್ಕೆವು. ಇಷ್ಟು ಸಲ ಹೆಸರು ಬದಲಾಯಿಸಿದರೆ ಯಾರಿಗಾದರೂ ಗೊಂದಲವಾಗದೆ ಇರುತ್ತದೆಯೇ? ಎಲ್ಲ ಡಬ್ಬಿಗಳದೇ ತಪ್ಪು ಎಂದು ತೀರ್ಮಾನಿಸಿದೆವು. ನಾವೆಲ್ಲ ನಗುತ್ತಿದ್ದಾಗ ಅತ್ತೆ ನಗುತ್ತಿರಲಿಲ್ಲ ಎನ್ನುವುದು ನನಗೆ ಹೊಳೆದದ್ದು ಬಹಳ ತಡವಾಗಿ. ಅದಕ್ಕಾಗಿ ನನ್ನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಭಾಲ್ಕಿಯಿಂದ ನೇರ ಅವರ ಮನೆಗೆ ಹೋಗಿದ್ದೆ. ಡಬ್ಬಿಗಳ ಹೊಸದೊಂದು ಜೋಕು ಹೇಳಲು ಬಾಯಿ ತೆಗೆದೆ. ಅತ್ತೆ ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದರು.

"ಡಬ್ಬಿದು ತಪ್ಪಿಲ್ಲವ್ವ," ಎಂದರು. "ನಿನ್ನಿ ಊರಾಗಿನ ಚೌಬಾರಾ ಗೋಪುರದ ಬಲ್ಲಿ ನಿಂತು, ಚಿದ್ರಿಗಿ ಹ್ಯಾಂಗ ಹೋಗಬೇಕಂತ ಆಟೋದವನಿಗಿ ಕೇಳ್ಯಾರ. ಆತ ಗುರ್ತಿನವ, ತಂದು ಬಿಟ್ಟು ಹೋದ. ಆರು ತಿಂಗಳಿಂದ ನೋಡ್ಲತ್ತೇನಿ ನಾ."

ಹೊರಗೆ ಶೆಡ್ಡಿನಲ್ಲಿ ಮಾಮಾ ಏನನ್ನೋ ತಟ್ಟುತ್ತಿದ್ದ ಸದ್ದು ಕೇಳುತ್ತಿತ್ತು.

ಮುಂದಿನ ವಾರ ಮೂವರೂ ದವಾಖಾನೆಗೆ ಹೋದೆವು. ಡಾಕ್ಟರು ಒಂದು ಹಾಳೆ ಕೊಟ್ಟು ಗಡಿಯಾರದ ಚಿತ್ರ ಬರೆಯಿರಿ ಎಂದರು. ಮಾಮಾ ಕನ್ನಡಕ ಸರಿಮಾಡಿಕೊಂಡು ತುಂಬ ಶ್ರದ್ಧೆಯಿಂದ ಬರೆದರು. ಗಡಿಯಾರದ ಒಳಗಿನ ಹಲ್ಲಿನ ಗಾಲಿಗಳು, ಸ್ಪ್ರಿಂಗು, ಸ್ಕ್ರೂ, ಯಾವುದನ್ನೂ ಬಿಟ್ಟಿರಲಿಲ್ಲ. ಡಾಕ್ಟರು ನಕ್ಕರು, ನಾನೂ ನಕ್ಕೆ. ಆಮೇಲೆ ನೋಡಿದರೆ ಮುಳ್ಳುಗಳೂ ಇರಲಿಲ್ಲ, ಅಂಕಿಗಳೂ ಇರಲಿಲ್ಲ. ಡಾಕ್ಟರು ಹಾಳೆಯನ್ನು ಮಡಚಿ ಫೈಲಿನಲ್ಲಿಟ್ಟು ಅತ್ತೆಯ ಕಡೆ ನೋಡಿದರು. ಈ ಮರೆವು ಇನ್ನು ಮುಂದಕ್ಕೆ ಹೋಗುವುದೇ ಹೊರತು ಹಿಂದಕ್ಕೆ ಬರುವುದಿಲ್ಲ, ಗುಳಿಗೆಯಿಂದ ಸ್ವಲ್ಪ ನಿಧಾನವಾದೀತು, ಗಾಡಿ ಓಡಿಸಲು ಮಾತ್ರ ಕೊಡಬೇಡಿ ಎಂದರು.

ಆಟೋದಲ್ಲಿ ವಾಪಸು ಬರುವಾಗ ಮಾಮಾ ನನ್ನ ಕಡೆ ತಿರುಗಿದರು. "ಗಾಡಿ ಮೊದಲ ಮುಗೀತದೋ, ನಾ ಮೊದಲ ಮುಗೀತೇನೋ ನೋಡಮ್," ಎಂದರು. ಪಂದ್ಯ ಕಟ್ಟುವವರ ದನಿಯಲ್ಲಿ ಹೇಳಿದರು. ನನಗೆ ನಗು ಬರಲಿಲ್ಲ.

ಆ ಗಾಡಿಯ ಹಟ ಯಾಕೆ ಎಂದು ಮಾಮಾ ನನಗೆ ಹೇಳಿದ್ದೂ ಅವತ್ತೇ. ಮದುವೆಯಾದ ದಿನ ಔರಾದದ ಆಚೆಯ ಅತ್ತೆಯ ತವರೂರಿನಿಂದ ಬೀದರಕ್ಕೆ ದಿಬ್ಬಣ ಬಂದದ್ದು ಬಸ್ಸಿನಲ್ಲಂತೆ. ಸೀಟುಗಳಲ್ಲಿ ಹಿರಿಯರು ಕೂತರು. ಮದುಮಗಳು ಹಾದಿ ಪೂರ್ತಿ ನಿಂತುಕೊಂಡೇ ಬಂದಳು. ನಿನ್ನನ್ನು ಒಮ್ಮೆ ನನ್ನ ಕೈಯಾರೆ ಕಟ್ಟಿದ ಗಾಡಿಯಲ್ಲಿ ತವರಿಗೆ ಒಯ್ಯುತ್ತೇನೆ ಎಂದು ಮಾಮಾ ಅವತ್ತು ಮಾತು ಕೊಟ್ಟಿದ್ದರು. ಅತ್ತೆ ಅದನ್ನು ಎಂದೋ ಮರೆತಿದ್ದರು. ಮನೆಯ ದಾರಿ ಮರೆತ ಮಾಮಾ ಅದೊಂದನ್ನು ಮರೆತಿರಲಿಲ್ಲ.

ಮರುದಿನದಿಂದ ಅತ್ತೆ ಶೆಡ್ಡಿಗೆ ಇಳಿದರು. ಕರಿಬೇವಿನ ಗಿಡಕ್ಕಾಗಿ ಜಗಳಾಡಿದ ಅದೇ ಅತ್ತೆ! ಡಬ್ಬಿಗಳ ಮೇಲಿನ ಬಳಗವನ್ನೆಲ್ಲ ಅಳಿಸಿ, ಒಳಗಿನ ಸಾಮಾನು ಎಲ್ಲಿಯದು ಎಂದು ದುಂಡಗಿನ ಅಕ್ಷರದಲ್ಲಿ ಬರೆದು ಅಂಟಿಸಿದರು. ಮಾಮಾ ಕಾರಿನ ಕೆಳಗಿನಿಂದ ಕೈ ಚಾಚಿ ಬೋಲ್ಟ್ ಬಿಚ್ಚುವ ಪಾನಾದ ನಂಬರು ಹೇಳುವರು. ಅತ್ತೆ ಆಪರೇಷನ್ ಕೋಣೆಯಲ್ಲಿ ಕತ್ತರಿ ಕೊಡುತ್ತಿದ್ದ ಹಾಗೆ ಅದನ್ನು ಅಂಗೈಯಲ್ಲಿ ಇಡುವರು. ಕೆಲವು ದಿನ ಮಾಮಾನ ಬಾಯಿಗೆ ನಂಬರೇ ಬರುತ್ತಿರಲಿಲ್ಲ. ಆಗ ಅತ್ತೆ ಒಂದೊಂದಾಗಿ ಕೊಡುವರು, ಕೈ ತನಗೆ ಬೇಕಾದದ್ದನ್ನು ಹಿಡಿದುಕೊಳ್ಳುತ್ತಿತ್ತು. ತಲೆ ಮರೆತದ್ದು ಬೆರಳುಗಳಿಗೆ ಇನ್ನೂ ನೆನಪಿತ್ತು. ನಾನು ಶನಿವಾರಗಳಂದು ಬಂದು ಟಾರ್ಚ್ ಹಿಡಿಯುತ್ತಿದ್ದೆ. ಒಂದು ಸಂಜೆ ಎಂಟೂ ಸಿಲಿಂಡರು ಒಟ್ಟಿಗೆ ಗುಡುಗಿ ತಗಡಿನ ಮಾಡು ಅದುರಿತು. ಓಣಿಯವರೆಲ್ಲ ಓಡಿಬಂದರು. ಮಾಮಾ ಒಂದು ಗಳಿಗೆ ಬಾನೆಟ್ ಮೇಲೆ ಕೈಯಿಟ್ಟುಕೊಂಡು ನಿಂತಿದ್ದು, ಇದು ಯಾರ ಗಾಡಿ ಎಂದು ನನ್ನನ್ನು ಕೇಳಿದರು.

ಹಾಗಾಗಿ ನಾವು ತಡಮಾಡಲಿಲ್ಲ. ಹೋದ ತಿಂಗಳು ಒಂದು ಬೆಳಿಗ್ಗೆ ಹೊರಟೆವು. ಬೀದರದಿಂದ ಔರಾದದವರೆಗೆ ನಾನು ಓಡಿಸಿದೆ. ಮಾಮಾ ಪಕ್ಕದಲ್ಲಿ ಕೂತು ನನ್ನ ಒಂದೊಂದು ಗೇರಿಗೂ ಹಲ್ಲು ಕಡಿದರು. ಅತ್ತೆ ಕೆಂಪಂಚಿನ ಸೀರೆ ಉಟ್ಟು ಹಿಂದೆ ಕೂತಿದ್ದರು. ಹಾದಿಯಲ್ಲಿ ಬೈಕಿನವರು ನಮ್ಮ ಸರಿಸಮ ಬಂದು ಫೋಟೋ ತೆಗೆದುಕೊಂಡರು. ಔರಾದ ದಾಟಿ, ಅತ್ತೆಯ ತವರೂರಿನ ಹೊಲದ ಹಾದಿಗೆ ಇಳಿದ ಮೇಲೆ ಅತ್ತೆ ಕಾರು ನಿಲ್ಲಿಸಲು ಹೇಳಿದರು. ಹಿಂದೆ ಮುಂದೆ ಯಾರೂ ಇರಲಿಲ್ಲ. ಎರಡೂ ಕಡೆ ತೊಗರಿ ಹೊಲ. ಇನ್ನಿಷ್ಟು ದೂರ ಅವರಿಗೆ ಓಡಿಸಲು ಕೊಡು ಎಂದರು. ನನಗೂ ಬೇಡ ಎನ್ನುವ ಮನಸ್ಸಾಗಲಿಲ್ಲ. ನಾನು ಹಿಂದಕ್ಕೆ ಹೋದೆ, ಅತ್ತೆ ಮುಂದೆ ಬಂದು ಕೂತರು, ಕೈ ಹ್ಯಾಂಡ್‌ಬ್ರೇಕಿನ ಮೇಲೆ.

ಅಮೆರಿಕದ ಪೈಲ್ವಾನ ಮೊದಲ ಗೇರಿನಲ್ಲಿ ಹೊಲದಿಂದ ಹಾದಿಗೆ ಬಂದ ಎರಡು ಎಮ್ಮೆಗಳ ಹಿಂದೆ ಎಮ್ಮೆಯ ನಡಿಗೆಯಲ್ಲೇ ಹೊರಟಿತು. ಮಾಮಾ ಹಾರ್ನ್ ಒತ್ತಲಿಲ್ಲ, ಅವಸರ ಮಾಡಲಿಲ್ಲ. ಆ ಮುಖದಲ್ಲಿ ಅಷ್ಟು ನೆಮ್ಮದಿಯನ್ನು ನಾನು ವರ್ಷದಿಂದ ಕಂಡಿರಲಿಲ್ಲ. ದೊಡ್ಡಮ್ಮ ತವರಮನೆಯ ಅಂಗಳದಲ್ಲಿ ನಮ್ಮ ದಾರಿ ಕಾಯುತ್ತ ನಿಂತಿದ್ದು ದೂರದಿಂದಲೇ ಕಾಣಿಸಿತು. ಮನೆಯ ಮುಂದೆ ಬಂದು ಮಾಮಾ ಸರಿಯಾಗಿ ಬ್ರೇಕ್ ಹಾಕಿದರು. ಆಮೇಲೆ ಪಕ್ಕಕ್ಕೆ ತಿರುಗಿ ಅತ್ತೆಯನ್ನು ನೋಡಿದರು.

"ನೀವು ಇಲ್ಲೇ ಇಳಿಯೋರೇನ್ರಿ ಬಾಯಿ?" ಎಂದು ಬಹಳ ಮರ್ಯಾದೆಯಿಂದ ಕೇಳಿದರು. "ನಾ ಜಲ್ದಿ ಹೋಗಬೇಕ್ರಿ. ನನ್ನ ಹೆಂಡ್ತಿಗಿ ಈ ಗಾಡ್ಯಾಗ ತವರಮನಿಗಿ ಒಯ್ತೇನಂತ ಮಾತು ಕೊಟ್ಟೇನಿ. ಪಾಪ, ಆಕಿ ಕಾಯ್ಲತ್ತಿರಬೇಕು."

ನಾನು ಮುಂದೆ ಬಾಗಿ ಏನೋ ಹೇಳಹೊರಟೆ. ಅತ್ತೆ ತಿರುಗದೆಯೇ ಹಿಂದಕ್ಕೆ ಕೈ ಚಾಚಿ ನನ್ನ ಮಂಡಿಯನ್ನು ಒತ್ತಿ ಹಿಡಿದರು.

"ನೀವು ಒಯ್ದೀರಲ್ರಿ," ಎಂದರು. "ಆಕಿ ಆಗಳೇ ತವರಿಗಿ ಮುಟ್ಯಾಳ. ನನಗ ಹೇಳ್ಯಾಳ, ಭಾಳ ಚಲೋ ಕರ್ಕೊಂಡು ಬಂದ್ರು ಅಂತ."

ಮಾಮಾ ಅತ್ತೆಯ ಮುಖವನ್ನೇ ನೋಡಿದರು. "ಖರೇನ್ರಿ? ಮುಟ್ಯಾಳ?"

"ಮುಟ್ಯಾಳ್ರಿ."

ಮಾಮಾ ಎಂಜಿನ್ ಬಂದ್ ಮಾಡಿ, ಸ್ಟಿಯರಿಂಗ್ ಮೇಲಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಹಾಗಾದರೆ ಸಾಕು ಎಂದರು. ಹಿಂದಿನ ಸೀಟಿನಲ್ಲಿ ನಾನು ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದೆ. ಅತ್ತೆ ಅಳಲಿಲ್ಲ. ಅವರು ಇಳಿದು, ಕಾರಿನ ಮುಂದಿನಿಂದ ಸುತ್ತಿಬಂದು, ಮಾಮಾನ ಕಡೆಯ ಬಾಗಿಲು ತೆರೆದು, ಒಳಗೆ ಬಂದು ಒಂದು ಕಪ್ ಚಹ ಕುಡಿದು ಹೋಗಿರಿ ಎಂದು ಕೈ ನೀಡಿದರು.