ಗಾದಿಯೊಳಗಿನ ಬಸಲಿಂಗಪ್ಪನವರು

ಹೊಸ ವಸ್ತು ಕೊಳ್ಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಕನಿಕರ. ನಮ್ಮ ಮನೆಯ ಫ್ಯಾನು ಇನ್ನೊಬ್ಬರ ಮನೆಯಲ್ಲಿ ತಿರುಗಿ ಅನುಭವ ಪಡೆದು ಬಂದದ್ದು. ಕಪಾಟಿನ ಬಾಗಿಲ ಮೇಲೆ ಯಾರೋ ಸರೋಜಾಳ ಮದುವೆಗೆ ಉಡುಗೊರೆಯೆಂದು ಕೆಂಪು ಬಣ್ಣದಲ್ಲಿ ಬರೆದಿದೆ. ಬಂದವರು ಅದನ್ನೋದಿ ಸರೋಜಾ ಎಂದು ಕರೆದರೆ ನನ್ನ ಹೆಂಡತಿ ಶಾಂತಾ ಈಗ ಓಗೊಡುತ್ತಾಳೆ. ಇಂಥ ನಾನೇ ಇವತ್ತು ಬಾಯಿಬಿಟ್ಟು ಹೇಳುತ್ತಿದ್ದೇನೆ: ಏನು ಬೇಕಾದರೂ ಹಳೆಯದು ಕೊಳ್ಳಿ, ಗಾದಿಯೊಂದನ್ನು ಬಿಟ್ಟು.

ದಾಂಡೇಲಿಯಲ್ಲಿ ನಾವಿರುವ ಬಾಡಿಗೆ ಮನೆಯಲ್ಲಿ ಮೊದಲು ಬಸಲಿಂಗಪ್ಪನವರಿದ್ದರು. ಕಾಗದದ ಮಿಲ್ಲಿನಿಂದ ನಿವೃತ್ತರಾಗಿ ಹತ್ತಿರದ ಸಾಂಬ್ರಾಣಿ ಎಂಬ ಊರಿನ ಸ್ವಂತ ಮನೆಗೆ ಹೊರಟಾಗ ತಮ್ಮ ಹತ್ತಿಯ ಗಾದಿಯನ್ನು ನನಗೆ ಮಾರಿದರು. "ಮಂದಿ ಮಲಗಿದ ಗಾದಿ ಬ್ಯಾಡ್ರಿ" ಎಂದಳು ಶಾಂತಾ. "ಲಾಡ್ಜಿನ್ಯಾಗ ಮಲಗೂದಿಲ್ಲೇನು?" ಎಂದೆ. "ಲಾಡ್ಜಿನ ಗಾದಿ ಮನಿಗೆ ಹೊತಗೊಂಡು ಬರ್ತೇವೇನು?" ಎಂದಳು. ವಾದದಲ್ಲಿ ಸೋತೆ, ಗಾದಿ ಮಾತ್ರ ಇಟ್ಟುಕೊಂಡೆ.

ಗಾದಿಯ ನಡುವೆ ಬಸಲಿಂಗಪ್ಪನವರ ಆಕಾರದ ತಗ್ಗು ಇತ್ತು. ಅವರದು ಭಾರಿ ದೇಹ, ನಾನು ಕಡ್ಡಿ. ಎಲ್ಲಿ ಮಲಗಿದರೂ ಉರುಳಿ ಆ ತಗ್ಗಿಗೇ ಬೀಳುತ್ತಿದ್ದೆ, ಬಿದ್ದರೆ ಅವರಂತೆಯೇ ಬಲಗಾಲು ಮಡಚಬೇಕಿತ್ತು. ಅದನ್ನಾದರೂ ಸಹಿಸಬಹುದು. ಅವರು ನೌಕರಿಯುದ್ದಕ್ಕೂ ರಾತ್ರಿ ಪಾಳಿ ಮಾಡಿ ಹಗಲು ಮಲಗಿದವರು. ಗಾದಿಗೂ ಅದೇ ರೂಢಿಯಾಗಿಬಿಟ್ಟಿತ್ತು. ರಾತ್ರಿ ಬಿದ್ದುಕೊಂಡರೆ ಕಣ್ಣು ಪಿಳಿಪಿಳಿ. ಹಗಲು ಆಫೀಸಿನಲ್ಲಿ ಸಾಹೇಬರ ಎದುರೇ ತೂಕಡಿಕೆ. ರವಿವಾರ ಮಧ್ಯಾಹ್ನ ಮಾತ್ರ ಅದರ ಮೇಲೆ ಸ್ವರ್ಗಸುಖದ ನಿದ್ದೆ. ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ ಕೇಳಿಸಿಕೊಂಡು, "ಬಸಲಿಂಗಪ್ಪಣ್ಣ ತಿರುಗಿ ಬಂದಾರೇನ್ರಿ? ಗೊರಕಿ ಅವರದ ಐತಿ" ಎಂದು ವಿಚಾರಿಸಿದಳು. ಇರಲಿ, ವಾರಕ್ಕೊಂದು ನಿದ್ದೆಯಾದರೂ ಇದೆಯಲ್ಲ ಎಂದು ಸಮಾಧಾನಪಟ್ಟುಕೊಂಡಿದ್ದೆ.

ಒಂದು ರವಿವಾರ ಬಸಲಿಂಗಪ್ಪನವರೇ ಬಂದರು. ಕೈಯಲ್ಲಿ ಬದನೆಕಾಯಿ ಚೀಲ, ಕಣ್ಣು ಕೆಂಪಗೆ. "ಅಳಿಯಾ ಫೋಮಿನ ಗಾದಿ ಕೊಡಿಸ್ಯಾನ್ರಿ. ಮೈದಾನ ಇದ್ದಂಗ ಐತಿ, ಎಲ್ಲಿ ಮಲಗಬೇಕು ಅನ್ನೂದ ತಿಳಿಯಂಗಿಲ್ಲ. ಒಂದೈದು ನಿಮಿಷ ಅಡ್ಡಾಗ್ತೇನಿ" ಎಂದರು. ಬಂದ ಹಿರಿಯರಿಗೆ ಚಹಾ ಕೊಡದೆ ಇರಲಾಗುವುದಿಲ್ಲ, ಅಡ್ಡಾಗಬೇಡಿ ಎನ್ನಲೂ ಆಗುವುದಿಲ್ಲ. ಎದ್ದಾಗ ದೀಪ ಹಚ್ಚುವ ಹೊತ್ತಾಗಿತ್ತು. ಮುಂದಿನ ರವಿವಾರವೂ ಬಂದರು, ಅದರ ಮುಂದಿನದಕ್ಕೂ. ನಾನು ಚಾಪೆಯ ಮೇಲೆ ಹೊರಳಾಡಿದರೆ ಶಾಂತಾ ಗದರುತ್ತಿದ್ದಳು: "ಹಿರ್ಯಾರು ಮಲಗ್ಯಾರ, ಸಪ್ಪಳ ಮಾಡಬ್ಯಾಡ್ರಿ."

"ಗಾದಿ ತಿರುಗಿ ಒಯ್ಯಿರಿ" ಎಂದು ಕೈಮುಗಿದೆ. "ಛೇ, ಅಳಿಯಾ ಏನ್ ತಿಳಕೊಂಡಾನು? ಅಂವಾ ಕೊಟ್ಟದ್ದನ್ನ ಮೂಲ್ಯಾಗ ಇಡಾಕ ಬರ್ತೈತೇನು?" ಎಂದರು. ನನಗೆ ತಲೆ ಕೆಟ್ಟುಹೋಯಿತು. ಮರು ರವಿವಾರ ಬೆಳಿಗ್ಗೆಯೇ ಹತ್ತಿ ಹಿಂಜಿ ಗಾದಿ ಹೊಲಿಯುವ ದಾವಲಸಾಬನನ್ನು ಕರೆತಂದೆ. ಹಿಂಜಿದರೆ ತಗ್ಗೂ ಇಲ್ಲ, ಬಸಲಿಂಗಪ್ಪನವರೂ ಇಲ್ಲ! ಆತ ಹೊಲಿಗೆಗೆ ಕತ್ತರಿ ಹಚ್ಚುವುದಕ್ಕೂ ಇವರು ಬಾಗಿಲಿಗೆ ಬರುವುದಕ್ಕೂ ಸರಿಹೋಯಿತು. ಚಪ್ಪಲಿಯನ್ನೂ ಕಳಚದೆ ಬಂದು ಗಾದಿಯ ಮೇಲೆ ಮಲಗಿಬಿಟ್ಟರು.

"ತಮ್ಮಾ, ನೌಕರಿ ಬಿಟ್ಟೆ, ಊರು ಬಿಟ್ಟೆ. ದಾಂಡೇಲ್ಯಾಗ ನಾ ಇನ್ನೂ ಇರೂದು ಈ ತಗ್ಗಿನ್ಯಾಗ ಅಷ್ಟ. ಇದನ್ನೂ ಹಿಂಜಸ್ತೀಯೇನು?"

ದಾವಲಸಾಬ ಕತ್ತರಿ ಮಡಚಿದ. "ಮದಲ ಇವರನ್ನ ಎಬ್ಬಸ್ರಿ ಸಾಹೇಬ್ರ, ಆಮ್ಯಾಲ ನನ್ನ ಕರೀರಿ" ಎಂದು ಹೊರಟುಹೋದ. ನನ್ನ ಸಿಟ್ಟೂ ಕರಗಿತು. ಅವರಿಗೂ ನನ್ನ ಮೇಲೆ ಕನಿಕರ ಹುಟ್ಟಿರಬೇಕು. ಮಲಗಿದಲ್ಲಿಂದಲೇ ಒಂದು ದಾರಿ ತೋರಿಸಿದರು: "ನಮ್ಮ ಮನ್ಯಾಗ ಫೋಮಿನ ಗಾದಿ ಖಾಲಿ ಬಿದ್ದೈತಿ. ನೀ ಅಲ್ಲಿಗೆ ಹೋಗು."

ಅಂದಿನಿಂದ ರವಿವಾರ ಅವರು ಈ ಕಡೆಯ ಬಸ್ಸು ಹತ್ತುತ್ತಾರೆ, ನಾನು ಆ ಕಡೆಯದು. ದಾರಿಯಲ್ಲಿ ಬಸ್ಸುಗಳು ಎದುರಾದಾಗ ಕಿಟಕಿಯಿಂದ ಕೈಬೀಸಿಕೊಳ್ಳುತ್ತೇವೆ. ಸಾಂಬ್ರಾಣಿಯಲ್ಲಿ ಅವರ ಹೆಂಡತಿ ಪಾರಕ್ಕ ಚಹಾ ಕೊಟ್ಟು ಹಾಸಿಗೆ ಝಾಡಿಸುತ್ತಾರೆ. ಆ ಮೈದಾನದಲ್ಲಿ ಎಂಥ ನಿದ್ದೆ ಅಂತೀರಿ! ನನ್ನಷ್ಟಕ್ಕೆ ನಾನು ಎಡಗಾಲನ್ನೇ ಮಡಚಿ ಮಲಗುತ್ತೇನೆ.

ಎಲ್ಲ ಸುಸೂತ್ರವಾಗಿತ್ತು. ಆದರೆ ಹೋದ ವಾರ ಮಾವ ಮನೆಯಲ್ಲಿಲ್ಲದ ಹೊತ್ತಿನಲ್ಲಿ ಅಳಿಯ ಬಂದಿದ್ದನಂತೆ. ತಾನು ಕೊಡಿಸಿದ ಗಾದಿಯಲ್ಲಿ ತಗ್ಗು ಬಿದ್ದದ್ದು ನೋಡಿ ಮೊದಲು ಹಿಗ್ಗಿದನಂತೆ. ಆಮೇಲೆ ಅದರ ಮೇಲೆ ಕೈಯಾಡಿಸಿ, "ಅತ್ತೀ, ಮಾವಾರು ಇಷ್ಟ್ಯಾಕ ಸೊರಗ್ಯಾರ? ಬರೇ ಎಲುಬಿನ ಗುರುತು ಅದಾವು" ಎಂದು ಕಣ್ಣೀರು ಹಾಕಿ, ಪೇಟೆಗೆ ಹೋಗಿ ಟಾನಿಕ್ಕಿನ ದೊಡ್ಡ ಬಾಟಲಿ ತಂದಿಟ್ಟು ಹೋದನಂತೆ. ಪಾರಕ್ಕ ಈಗ ಚಹಾ ಕೊಡುವುದನ್ನು ನಿಲ್ಲಿಸಿ, ಚಮಚ ಹಿಡಿದು ನನ್ನೆದುರು ನಿಲ್ಲುತ್ತಾರೆ.

"ಕುಡೀರಿ. ಅಳಿಯಾ ಮತ್ತ ಬರೂದ್ರಾಗ ಆ ತಗ್ಗು ಅಗಲ ಆಗಬೇಕು."

ಕಣ್ಣು ಮುಚ್ಚಿ ಕುಡಿಯುತ್ತೇನೆ. ಬಸಲಿಂಗಪ್ಪನವರು ದಪ್ಪಗಾಗುವ ಜವಾಬ್ದಾರಿ ಈಗ ನನ್ನ ಮೇಲಿದೆ.